ಉನ್ಮಾದ ಮತ್ತು ವಿಷಾದ: ಬಾಳಿನುದ್ದಕ್ಕೂ ಕಾಯಬೇಕಾದ ಒಂದು ಕಾಯಿಲೆ



ನಮ್ಮ ನಗರದಲ್ಲಿ ಎರ್ರಗಡ್ಡ ಎಂಬ ಬಡಾವಣೆಯುಂಟು. ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿದೆ. ಆ ಒಂದು ಕಾರಣದಿಂದ ಆ ಬಡಾವಣೆಯ ಹೆಸರೇ ಹೈದರಾಬಾದಿನ ಬೀದಿಗಳಲ್ಲಿ ಒಂದು ಪರಿಹಾಸ್ಯದ ಮಾತಾಗಿಬಿಟ್ಟಿದೆ. ಯಾವನಾದರೂ ತುಸು ವಿಚಿತ್ರವಾಗಿ ನಡೆದುಕೊಂಡರೆ, “ಇವನನ್ನು ಎರ್ರಗಡ್ಡಕ್ಕೆ ಕಳುಹಿಸಬೇಕು” ಎನ್ನುವರು. ಉತ್ತರ ಕರ್ನಾಟಕದಲ್ಲಿ ಇದೇ ಅರ್ಥಕ್ಕೆ ಧಾರವಾಡದ ಹೆಸರನ್ನು ಹೇಳುವುದುಂಟು. ಬೆಂಗಳೂರಿನ ಕಡೆ ನಿಮ್ಹಾನ್ಸಿನ ಹೆಸರನ್ನು ಹೇಳುವುದುಂಟು. ಕಣ್ಣಿನ ಆಸ್ಪತ್ರೆಯ ಹೆಸರು ಹೇಳಿ ಯಾರೂ ಯಾರನ್ನೂ ಹಂಗಿಸುವುದಿಲ್ಲ. ಹೃದ್ರೋಗದ ಆಸ್ಪತ್ರೆಯ ಹೆಸರು ಕೇಳಿ ಯಾರೂ ನಗುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಈ ದುರ್ಗತಿ ಏಕೆ?

ಈ ನಗೆಯಿಂದ ಆಗುವ ಕೇಡು ಸಣ್ಣದಲ್ಲ. ಕಾಯಿಲೆ ಬಂದವನು ಅದನ್ನು ಬಾಯಿ ಬಿಟ್ಟು ಹೇಳಲಾರನು. ಮನೆಯವರು ನಾಲ್ಕು ಜನರಿಗೆ ತಿಳಿದೀತೆಂದು ಅಂಜಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುವರು. ಹೀಗೆ ಮುಂದೂಡಿದ ತಿಂಗಳುಗಳಲ್ಲಿ ಕಾಯಿಲೆಯು ಬೇರು ಬಿಡುವುದು. ಆದುದರಿಂದ ಈ ಲೇಖನದಲ್ಲಿ ಮನಸ್ಸಿಗೆ ಬರುವ ಕಾಯಿಲೆಗಳಲ್ಲಿ ಒಂದನ್ನು ಆರಿಸಿಕೊಂಡು, ಭೂಗೋಳವನ್ನೋ ಸಸ್ಯಶಾಸ್ತ್ರವನ್ನೋ ಓದುವಾಗ ಇರುವ ಶಾಂತಚಿತ್ತದಿಂದಲೇ ಅದನ್ನು ತಿಳಿದುಕೊಳ್ಳೋಣ. ವೈದ್ಯರು ಇದನ್ನು ಬೈಪೋಲಾರ್ ಕಾಯಿಲೆ ಎಂದು ಕರೆಯುವರು. ‘ಬೈ’ ಎಂದರೆ ಎರಡು, ‘ಪೋಲ್’ ಎಂದರೆ ಧ್ರುವ. ಕನ್ನಡದಲ್ಲಿ ಇದನ್ನು ದ್ವಿಧ್ರುವ ಮನೋವ್ಯಾಧಿ ಎನ್ನಬಹುದು.

ಕಾಯಿಲೆಯ ಸ್ವರೂಪ

ಭೂಮಿಗೆ ಉತ್ತರ ಧ್ರುವ, ದಕ್ಷಿಣ ಧ್ರುವ ಎಂದು ಎರಡು ಕೊನೆಗಳಿರುವಂತೆ ಈ ಕಾಯಿಲೆಗೂ ಎರಡು ಕೊನೆಗಳುಂಟು. ಒಂದು ಉನ್ಮಾದ, ಇನ್ನೊಂದು ವಿಷಾದ. ಪತ್ರಿಕೆಗಳು ಈ ಎರಡನೆಯದನ್ನು ಖಿನ್ನತೆ ಎಂದು ಬರೆಯುತ್ತವೆ.

ಉನ್ಮಾದದ ಕಾಲದಲ್ಲಿ ಮನಸ್ಸು ಮಿತಿ ಮೀರಿ ಉಕ್ಕುತ್ತದೆ. ರೋಗಿಗೆ ನಿದ್ರೆ ಬೇಡವಾಗುತ್ತದೆ. ಎರಡು ಮೂರು ಗಂಟೆ ಮಲಗಿ ಎದ್ದರೂ ದಣಿವೆಂಬುದಿಲ್ಲ. ಮಾತು ವೇಗವಾಗಿ ಹರಿಯುತ್ತದೆ. ಒಂದು ವಿಚಾರ ಮುಗಿಯುವ ಮೊದಲೇ ಮತ್ತೊಂದು ನುಗ್ಗುತ್ತದೆ. ತನಗೆ ಅಸಾಧ್ಯವಾದುದು ಯಾವುದೂ ಇಲ್ಲವೆಂಬ ಭಾವನೆ ಬರುತ್ತದೆ. ಇದ್ದ ಹಣವನ್ನೆಲ್ಲ ಖರ್ಚು ಮಾಡುವುದು, ಸಾಲ ಮಾಡುವುದು, ಇದ್ದಕ್ಕಿದ್ದಂತೆ ದೊಡ್ಡ ವ್ಯಾಪಾರಗಳಿಗೆ ಕೈ ಹಾಕುವುದು, ತಡೆದವರ ಮೇಲೆ ಸಿಡಿದು ಬೀಳುವುದು, ಇವೆಲ್ಲ ಕಾಣಿಸಿಕೊಳ್ಳಬಹುದು. ಕೆಲವರಿಗೆ ಇಲ್ಲದ ಧ್ವನಿಗಳು ಕೇಳಿಸುವುದೂ ಉಂಟು. ಇಂಥ ಸ್ಥಿತಿಯು ಒಂದು ವಾರವಾದರೂ ಎಡೆಬಿಡದೆ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾದರೆ, ವೈದ್ಯರು ಅದನ್ನು ಉನ್ಮಾದವೆಂದು ನಿರ್ಣಯಿಸುವರು. ಇದಕ್ಕಿಂತ ಸೌಮ್ಯವಾದ ರೂಪವೂ ಒಂದಿದೆ. ಅದನ್ನು ಲಘು ಉನ್ಮಾದ ಎನ್ನೋಣ. ಇದು ನಾಲ್ಕು ದಿನವಾದರೂ ಇರುತ್ತದೆ. ಆದರೆ ಬಾಳನ್ನು ಪೂರ್ತಿ ಅಸ್ತವ್ಯಸ್ತಗೊಳಿಸುವುದಿಲ್ಲ. “ಹುಡುಗ ಈಚೆಗೆ ಬಹಳ ಚುರುಕಾಗಿದ್ದಾನೆ” ಎಂದು ಮನೆಯವರು ಸಂತೋಷಪಡುವುದೂ ಉಂಟು.

ವಿಷಾದದ ಕಾಲದಲ್ಲಿ ಎಲ್ಲವೂ ವಿಪರೀತ. ಹಾಸಿಗೆಯಿಂದ ಏಳಲಾಗುವುದಿಲ್ಲ. ಊಟ ರುಚಿಸುವುದಿಲ್ಲ. ಪುಸ್ತಕದ ಒಂದು ಪುಟವನ್ನು ಹತ್ತು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಮೊದಲು ಪ್ರಿಯವಾಗಿದ್ದ ಆಟ, ಹಾಡು, ಗೆಳೆತನ, ಎಲ್ಲವೂ ನೀರಸವಾಗುತ್ತವೆ. ತಾನು ನಿಷ್ಪ್ರಯೋಜಕನೆಂಬ ಭಾವನೆ ಕಾಡುತ್ತದೆ. ಕೆಲವರಿಗೆ ಬದುಕೇ ಬೇಡವೆನಿಸುತ್ತದೆ. ಇದು ಎರಡು ವಾರಗಳಿಗೆ ಮೀರಿ ಮುಂದುವರಿದರೆ ಸಾಮಾನ್ಯ ದುಃಖವೆನ್ನಲಾಗದು.

ಈ ಎರಡು ಧ್ರುವಗಳ ನಡುವೆ ಮೂರನೆಯ ಕಾಲವೊಂದಿದೆ. ಅದೇ ನೆಮ್ಮದಿಯ ಕಾಲ. ಆಗ ರೋಗಿಯು ಎಲ್ಲರಂತೆ ಉಣ್ಣುವನು, ದುಡಿಯುವನು, ನಗುವನು. ಈ ಕಾಲವು ತಿಂಗಳುಗಟ್ಟಲೆ, ಅನೇಕರಲ್ಲಿ ವರ್ಷಗಟ್ಟಲೆ ಇರುತ್ತದೆ. ಈ ಲೇಖನದ ಮುಖ್ಯ ವಿಷಯವು ಉನ್ಮಾದವೂ ಅಲ್ಲ, ವಿಷಾದವೂ ಅಲ್ಲ. ಈ ನೆಮ್ಮದಿಯ ಕಾಲವೇ. ಏಕೆಂಬುದನ್ನು ಮುಂದೆ ನೋಡೋಣ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಾಗ ಹಿಗ್ಗುವುದು, ಗೆಳೆಯನು ಮಾತು ಬಿಟ್ಟಾಗ ಕುಗ್ಗುವುದು ಕಾಯಿಲೆಯಲ್ಲ. ನಿಮ್ಮ ವಯಸ್ಸಿನಲ್ಲಿ ಮನಸ್ಸಿನ ಏರಿಳಿತ ಸಹಜ. ಕಾಯಿಲೆಯ ಏರಿಳಿತಕ್ಕೆ ಅವಧಿಯೂ ತೀವ್ರತೆಯೂ ಬೇರೆ. ಅದು ಓದು, ಊಟ, ನಿದ್ರೆ, ಸ್ನೇಹಗಳೆಲ್ಲವನ್ನೂ ಒಟ್ಟಿಗೆ ಕೆಡಿಸುತ್ತದೆ. ಅದನ್ನು ನಿರ್ಣಯಿಸುವುದು ಮನೋವೈದ್ಯರ ಕೆಲಸ. ಈ ಲೇಖನವನ್ನು ಓದಿ ಪಕ್ಕದ ಬೆಂಚಿನ ಗೆಳೆಯನಿಗೆ ಕಾಯಿಲೆಯ ಹೆಸರು ಇಟ್ಟರೆ ಎರ್ರಗಡ್ಡದ ಹಾಸ್ಯವನ್ನೇ ಬೇರೆ ರೂಪದಲ್ಲಿ ಮಾಡಿದಂತಾಗುವುದು.

ಹೆಸರು ಮತ್ತು ಕಾರಣ

ಉನ್ಮಾದವೂ ವಿಷಾದವೂ ಎರಡು ಬೇರೆ ಕಾಯಿಲೆಗಳೆಂದು ಜನರು ಬಹುಕಾಲ ತಿಳಿದಿದ್ದರು. 1850ರ ದಶಕದಲ್ಲಿ ಫ್ರಾನ್ಸಿನ ಫಾಲ್ರೆ ಎಂಬ ವೈದ್ಯನು, ಒಬ್ಬನೇ ರೋಗಿಯಲ್ಲಿ ಈ ಎರಡೂ ಚಕ್ರದಂತೆ ಸುತ್ತಿ ಬರುವುದನ್ನು ಗಮನಿಸಿ ಬರೆದನು. 1899ರಲ್ಲಿ ಜರ್ಮನಿಯ ಕ್ರೇಪೆಲಿನನು ಇವೆರಡನ್ನೂ ಕೂಡಿಸಿ ಒಂದೇ ಕಾಯಿಲೆಯಾಗಿ ವಿವರಿಸಿದನು. ಬೈಪೋಲಾರ್ ಎಂಬ ಹೆಸರು ವೈದ್ಯರ ಕೈಪಿಡಿಗಳಲ್ಲಿ ನೆಲೆಗೊಂಡುದು 1980ರಿಂದ ಈಚೆಗೆ.

ಇದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಲೋಕದಲ್ಲಿ ಸುಮಾರು 4 ಕೋಟಿ ಜನರು ಈ ಕಾಯಿಲೆಯೊಡನೆ ಬಾಳುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ಪ್ರೌಢರಲ್ಲಿ 200 ಜನರಿಗೆ ಸುಮಾರು ಒಬ್ಬರು ಬಾಳಿನಲ್ಲಿ ಎಂದಾದರೊಮ್ಮೆ ಇದಕ್ಕೆ ತುತ್ತಾಗುವರು. ಕಾಯಿಲೆಯುಳ್ಳ 100 ಜನರಲ್ಲಿ ಸುಮಾರು 70 ಜನರಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದೂ ಅದೇ ಸಮೀಕ್ಷೆ ತಿಳಿಸಿತು. ನಾವು ಆರಂಭದಲ್ಲಿ ಹೇಳಿದ ನಗೆಗೂ ಈ 70ಕ್ಕೂ ಸಂಬಂಧವಿಲ್ಲವೆನ್ನಲಾದೀತೆ?

ಕಾರಣವು ಒಂದೇ ಅಲ್ಲ. ವಂಶದ ಪಾಲು ದೊಡ್ಡದು. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ಕಾಯಿಲೆಯಿದ್ದರೆ ಮಗುವಿಗೆ ಬರುವ ಸಂಭವವು ಇತರ ಮಕ್ಕಳಿಗಿಂತ ಹೆಚ್ಚು. ಆದರೂ ಅಂಥ ಮಕ್ಕಳಲ್ಲಿ ಬಹುಪಾಲು ಜನರಿಗೆ ಇದು ಬರುವುದಿಲ್ಲವೆಂಬುದನ್ನು ಮರೆಯಬಾರದು. ನಿದ್ರೆಗೆಡುವುದು, ತೀವ್ರವಾದ ಆಘಾತ, ಮದ್ಯ, ಗಾಂಜಾ ಮುಂತಾದವು ಒಳಗಿರುವ ಪ್ರವೃತ್ತಿಯನ್ನು ಕೆರಳಿಸಬಲ್ಲವು. ಬಹಳ ಮಂದಿಗೆ ಕಾಯಿಲೆಯು ಮೊದಲು ತಲೆದೋರುವುದು ಹದಿನೈದರಿಂದ ಇಪ್ಪತ್ತೈದರ ಒಳಗಿನ ವಯಸ್ಸಿನಲ್ಲಿ; ಎಂದರೆ ಪ್ರೌಢಶಾಲೆ ಮತ್ತು ಕಾಲೇಜುಗಳ ಕಾಲದಲ್ಲಿ. ಇದು ಹಿಂದಿನ ಜನ್ಮದ ಪಾಪವಲ್ಲ. ತಾಯಿಯ ಮುದ್ದಿನ ಫಲವಲ್ಲ. ರೋಗಿಯ ಹಟವೂ ಅಲ್ಲ.

ಮೂಸಿಯ ದೃಷ್ಟಾಂತ

ಬೈಪೋಲಾರ್ ಕಾಯಿಲೆಯನ್ನು ಬೇರುಸಹಿತ ಕಿತ್ತು ಹಾಕುವ ಔಷಧವು ಇಂದಿಗೂ ಇಲ್ಲ. ಅದನ್ನು ಹತೋಟಿಯಲ್ಲಿಡುವ ಉಪಾಯಗಳು ಇವೆ. ಈ ಎರಡು ಮಾತುಗಳ ನಡುವಣ ಅಂತರವನ್ನು ತಿಳಿಯಲು ನಮ್ಮ ನಗರದ ನದಿಯನ್ನೇ ನೋಡೋಣ.

ಮೂಸಿಯು ಬೇಸಗೆಯಲ್ಲಿ ಸಣ್ಣ ಕಾಲುವೆಯಂತೆ ಹರಿಯುವ ನದಿ. ಅದೇ ನದಿಯು 1908ರ ಸೆಪ್ಟೆಂಬರ್ 28ರಂದು ಉಕ್ಕಿ ಬಂದು ಹೈದರಾಬಾದಿನ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿದರು. ಅವರು ಮಳೆಯನ್ನು ನಿಲ್ಲಿಸುವ ಮಾತನಾಡಲಿಲ್ಲ. ನದಿಯನ್ನು ಶಪಿಸಲೂ ಇಲ್ಲ. ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೀರನ್ನು ತಡೆದು, ಅಳತೆಗೆ ತಕ್ಕಂತೆ ಬಿಡಬೇಕೆಂದು ಯೋಜನೆ ಕೊಟ್ಟರು. ಅದರ ಫಲವಾಗಿ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರವೂ, ಅದರ ಉಪನದಿಯಾದ ಈಸಿಗೆ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ಕಟ್ಟೆ ಕಟ್ಟಿದ ಮೇಲೂ ಮಳೆ ಬರುತ್ತದೆ. ಎರಡನೆಯದು, ಮಳೆಯಿಲ್ಲದ ವರ್ಷ ಬಂದಿತೆಂದು ಯಾರೂ ಕಟ್ಟೆಯನ್ನು ಒಡೆಯುವುದಿಲ್ಲ. ತೂಬುಗಳನ್ನು ಸರಿಯಾಗಿಟ್ಟು, ನೀರಿನ ಮಟ್ಟವನ್ನು ಅಳೆಯುತ್ತಲೇ ಇರುವರು. ಪ್ರವಾಹದಿಂದ ನಗರವನ್ನು ಉಳಿಸುವ ಕೆಲಸವು ಪ್ರವಾಹವಿಲ್ಲದ ದಿನಗಳಲ್ಲಿಯೇ ನಡೆಯುವುದು. ಬೈಪೋಲಾರ್ ಕಾಯಿಲೆಯ ವಿಷಯವೂ ಹೀಗೆಯೇ. ನೆಮ್ಮದಿಯ ಕಾಲದಲ್ಲಿ ಮಾಡುವ ಕಾವಲೇ ನಿಜವಾದ ಚಿಕಿತ್ಸೆ. ಆದರೆ ನೆಮ್ಮದಿಯ ಕಾಲದಲ್ಲಿಯೇ ರೋಗಿಗೂ ಮನೆಯವರಿಗೂ, “ಇನ್ನೇನು, ಗುಣವಾಯಿತಲ್ಲ, ಗುಳಿಗೆ ಏಕೆ?” ಎಂಬ ಯೋಚನೆ ಬರುವುದು. ಕಟ್ಟೆಯನ್ನು ಒಡೆಯುವ ಯೋಚನೆಯಿದು.

ಲಿಥಿಯಮ್ಮಿನ ಕಥೆ

ಈ ಕಾಯಿಲೆಯ ಔಷಧಗಳಲ್ಲಿ ಹಿರಿಯದು ಲಿಥಿಯಂ. ರಸಾಯನಶಾಸ್ತ್ರದ ಪಾಠದಲ್ಲಿ ಇದರ ಪರಿಚಯ ನಿಮಗಾಗಿದೆ. ಪರಮಾಣು ಸಂಖ್ಯೆ 3. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ಆವರ್ತ ಕೋಷ್ಟಕದಲ್ಲಿ ಸೋಡಿಯಮ್ಮಿನ ತಲೆಯ ಮೇಲೆ ಕುಳಿತಿರುವ ಧಾತು.

ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯನು ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಸೆರೆಯಾಳಾಗಿದ್ದು, ಬಿಡುಗಡೆಯಾದ ಮೇಲೆ ಊರಿಗೆ ಮರಳಿ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಲಿಥಿಯಮ್ಮಿನ ಲವಣವನ್ನು ಚುಚ್ಚಿದ ಇಲಿಗಳು ಗಾಬರಿಯಿಲ್ಲದೆ ಶಾಂತವಾಗಿರುವುದನ್ನು ಕಂಡನು. ಮೊದಲು ತಾನೇ ಅದನ್ನು ಸೇವಿಸಿ ನೋಡಿ, ಬಳಿಕ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು, 1949ರಲ್ಲಿ ಅದರ ಫಲವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು.

ಆ ಹತ್ತು ಜನರಲ್ಲಿ ಮೊದಲನೆಯವನ ಕಥೆಯನ್ನು ಕೇಳಿರಿ. ಅವನಿಗೆ 51 ವರ್ಷ. ಐದು ವರ್ಷಗಳಿಂದ ಉನ್ಮಾದವು ಬಿಟ್ಟಿರಲಿಲ್ಲ. 1948ರ ಮಾರ್ಚಿನಲ್ಲಿ ಔಷಧ ಆರಂಭವಾಯಿತು. ಜುಲೈಯಲ್ಲಿ ಅವನು ಮನೆಗೆ ಹೋದನು. ತನ್ನ ಹಳೆಯ ಉದ್ಯೋಗವನ್ನು ಮತ್ತೆ ಹಿಡಿದನು. ಇದನ್ನು ಪವಾಡವೆಂದರೂ ಸಲ್ಲುವುದು. ಆದರೆ ಚೆನ್ನಾಗಿರುವೆನೆಂದು ಅವನು ಔಷಧದಲ್ಲಿ ಉದಾಸೀನನಾಗಿ, ಕೊನೆಗೆ ಬಿಟ್ಟೇಬಿಟ್ಟನು. 1949ರ ಜನವರಿಯಲ್ಲಿ ಮತ್ತೆ ಅದೇ ಸ್ಥಿತಿಯಲ್ಲಿ ಅವನನ್ನು ಆಸ್ಪತ್ರೆಗೆ ತರಬೇಕಾಯಿತು. ಕಥೆ ಇಲ್ಲಿಗೆ ಮುಗಿಯಲಿಲ್ಲ. ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಕ್ರಮವಾಗಿ ಅಳೆದು ನೋಡುವ ಪದ್ಧತಿಯು ಆಗ ಬಳಕೆಗೆ ಬಂದಿರಲಿಲ್ಲ. ಪ್ರಮಾಣವು ಮೀರಿ, 1950ರಲ್ಲಿ ಆ ರೋಗಿಯು ಲಿಥಿಯಮ್ಮಿನ ವಿಷದಿಂದಲೇ ತೀರಿಕೊಂಡನು.

ಔಷಧವನ್ನು ಬಿಟ್ಟರೆ ಕಾಯಿಲೆ ಮರಳುವುದು, ಅಳತೆಯಿಲ್ಲದೆ ಸೇವಿಸಿದರೆ ಔಷಧವೇ ವಿಷವಾಗುವುದು, ಈ ಎರಡು ಪಾಠಗಳೂ ಮೊದಲ ರೋಗಿಯಲ್ಲಿಯೇ ಇವೆ. 1954ರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಶೌ ಮತ್ತು ಅವನ ಸಂಗಡಿಗರು ಕ್ರಮಬದ್ಧವಾದ ಪರೀಕ್ಷೆಯಿಂದ ಲಿಥಿಯಮ್ಮಿನ ಗುಣವನ್ನು ದೃಢಪಡಿಸಿದರು. ಅಮೆರಿಕವು 1970ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ರಕ್ತಪರೀಕ್ಷೆಯ ಕಾವಲಿನಲ್ಲಿ ಲಕ್ಷಾಂತರ ಜನರು ಇದನ್ನು ವರ್ಷಾನುಗಟ್ಟಲೆ ಸೇವಿಸಿ ಸುಖವಾಗಿದ್ದಾರೆ. ಲಿಥಿಯಂ ಒಗ್ಗದವರಿಗೆ ವಾಲ್ಪ್ರೋಯೇಟ್, ಲ್ಯಾಮೊಟ್ರಿಜಿನ್, ಕ್ವಿಟಿಯಾಪಿನ್ ಮುಂತಾದ ಬೇರೆ ಔಷಧಗಳೂ ಬಂದಿವೆ. ಯಾರಿಗೆ ಯಾವುದು ತಕ್ಕುದೆಂಬುದನ್ನು ವೈದ್ಯರೇ ಹೇಳಬೇಕು. ಉದಾಹರಣೆಗೆ, ವಾಲ್ಪ್ರೋಯೇಟ್ ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ವಿಷಾದಕ್ಕೆಂದು ಕೊಡುವ ಗುಳಿಗೆಯನ್ನು ಬೈಪೋಲಾರ್ ರೋಗಿಗೆ ಒಂಟಿಯಾಗಿ ಕೊಟ್ಟರೆ ಉನ್ಮಾದವು ಕೆರಳುವ ಭಯವುಂಟು. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಔಷಧಗಳಲ್ಲ ಇವು.

ನಿತ್ಯದ ಕಾವಲು

ಕಾವಲು ಎಂದರೆ ಏನು? ಒಂದೊಂದಾಗಿ ನೋಡೋಣ.

ಮೊದಲನೆಯದು, ಔಷಧ. ಅದನ್ನು ನಿತ್ಯವೂ ಒಂದೇ ಹೊತ್ತಿಗೆ ಸೇವಿಸಬೇಕು. ಕೈ ನಡುಗುವುದು, ತೂಕ ಏರುವುದು, ಮಂಪರು ಮುಂತಾದ ತೊಂದರೆಗಳು ಕೆಲವರಿಗೆ ಆಗುತ್ತವೆ. ತೊಂದರೆಯಾದರೆ ವೈದ್ಯರಿಗೆ ಹೇಳಿ ಪ್ರಮಾಣವನ್ನೋ ಔಷಧವನ್ನೋ ಬದಲಾಯಿಸಿಕೊಳ್ಳಬೇಕೇ ಹೊರತು ತಾವಾಗಿ ನಿಲ್ಲಿಸಬಾರದು. ನಮ್ಮ ಕಡೆಯ ಕುಟುಂಬಗಳಲ್ಲಿ ಔಷಧವನ್ನು ಥಟ್ಟನೆ ನಿಲ್ಲಿಸುವ ಸಂದರ್ಭವೊಂದುಂಟು: ಮದುವೆ. ಬೀಗರಿಗೆ ತಿಳಿಯಬಾರದೆಂದು ಹುಡುಗಿಯ ಗುಳಿಗೆಯನ್ನು ಬಚ್ಚಿಡುವರು. ಮದುವೆಯ ಗದ್ದಲ, ನಿದ್ರೆಯಿಲ್ಲದ ರಾತ್ರಿಗಳು, ಔಷಧವಿಲ್ಲದ ದೇಹ, ಈ ಮೂರೂ ಕೂಡಿದರೆ ಕಾಯಿಲೆಗೆ ಬಾಗಿಲು ತೆರೆದಂತೆ. ಬಚ್ಚಿಟ್ಟ ಗುಟ್ಟು ಅತ್ಯಂತ ಕೆಟ್ಟ ಗಳಿಗೆಯಲ್ಲಿ ಬಯಲಾಗುವುದು. ಅದರ ಫಲವನ್ನು ಆ ಹುಡುಗಿಯೊಬ್ಬಳೇ ಉಣ್ಣುವಳು.

ಎರಡನೆಯದು, ಅಳತೆ. ಲಿಥಿಯಂ ಸೇವಿಸುವವರು ವೈದ್ಯರು ಹೇಳಿದ ಅವಧಿಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣವನ್ನೂ, ಮೂತ್ರಪಿಂಡ ಮತ್ತು ಥೈರಾಯಿಡ್ ಗ್ರಂಥಿಗಳ ಸ್ಥಿತಿಯನ್ನೂ ಪರೀಕ್ಷಿಸಿಕೊಳ್ಳಬೇಕು. ಉಪಯುಕ್ತವಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರವು ಕಿರಿದು. ಇದು ಜಲಾಶಯದ ಮಟ್ಟವನ್ನು ಅಳೆದಂತೆ.

ಮೂರನೆಯದು, ನೀರು ಮತ್ತು ಉಪ್ಪು. ಇದು ನಮ್ಮ ನಗರದವರಿಗೆ ವಿಶೇಷವಾಗಿ ಅನ್ವಯಿಸುವುದು. ಲಿಥಿಯಂ ಸೋಡಿಯಮ್ಮಿನ ಬಳಗದ ಧಾತುವೆಂದು ಹೇಳಿದೆವಷ್ಟೆ. ಮೂತ್ರಪಿಂಡವು ಇವೆರಡನ್ನೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಕಾಣುವುದು. ಮೇ ತಿಂಗಳ ಬಿಸಿಲಿನಲ್ಲಿ ಬೆವರು ಸುರಿದು ಮೈಯ ನೀರೂ ಉಪ್ಪೂ ಕಡಿಮೆಯಾದಾಗ, ಮೂತ್ರಪಿಂಡವು ಸೋಡಿಯಮ್ಮನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಅದರೊಡನೆ ಲಿಥಿಯಮ್ಮನ್ನೂ ಹಿಡಿಯುತ್ತದೆ. ಆಗ ಗುಳಿಗೆಯ ಲೆಕ್ಕ ಹೆಚ್ಚಾಗದಿದ್ದರೂ ರಕ್ತದಲ್ಲಿ ಪ್ರಮಾಣವು ಏರುವುದು. ವಾಂತಿಭೇದಿಯಾದಾಗಲೂ ಹೀಗೆಯೇ. ಏಕಾದಶಿಯ ನಿರಾಹಾರವಾಗಲಿ, ರಂಜಾನಿನ ಉಪವಾಸವಾಗಲಿ, ಆಚರಿಸುವ ಮೊದಲು ವೈದ್ಯರನ್ನು ಕೇಳಬೇಕು. ಮೈಕೈನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೆನ್ ಮುಂತಾದ ಗುಳಿಗೆಗಳೂ ಲಿಥಿಯಮ್ಮಿನ ಪ್ರಮಾಣವನ್ನು ಏರಿಸಬಲ್ಲವು. ಕೈನಡುಕ ಹೆಚ್ಚುವುದು, ನಾಲಗೆ ತೊದಲುವುದು, ನಡೆ ತಪ್ಪುವುದು, ವಾಂತಿ, ಇವು ಅಪಾಯದ ಚಿಹ್ನೆಗಳು. ಕೂಡಲೆ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯದು, ನಿದ್ರೆ. ನಿದ್ರೆಗೆಡುವುದು ಉನ್ಮಾದದ ಲಕ್ಷಣವೂ ಹೌದು, ಕಾರಣವೂ ಹೌದು. ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವ ರೂಢಿಗಿಂತ ಮೇಲಾದ ಕಟ್ಟುಪಾಡು ಈ ಕಾಯಿಲೆಗೆ ಇಲ್ಲ. ರಾತ್ರಿ ಪಾಳಿಯ ಕೆಲಸವು ಇಂಥವರಿಗೆ ಒಗ್ಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಬೆಳಗಿನ ತನಕ ಓದುವುದು ಯಾರಿಗೂ ಹಿತವಲ್ಲ, ಇವರಿಗಂತೂ ಅಪಾಯಕರ. ಮದ್ಯವನ್ನೂ ಗಾಂಜಾವನ್ನೂ ದೂರವಿಡಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಐದನೆಯದು, ದಿನಚರಿ. ಒಂದು ಸಣ್ಣ ನೋಟ್ ಬುಕ್ಕಿನಲ್ಲಿ ದಿನಾಲು ಮೂರು ಸಂಗತಿಗಳನ್ನು ಬರೆದರೆ ಸಾಕು: ಎಷ್ಟು ಗಂಟೆ ನಿದ್ರೆ, ಔಷಧ ಸೇವಿಸಿದ್ದು ಹೌದೋ ಅಲ್ಲವೋ, ಮನಸ್ಸಿನ ಮಟ್ಟ ಎಷ್ಟು. ಮನಸ್ಸಿನ ಮಟ್ಟವನ್ನು ಸೊನ್ನೆಯಿಂದ ಮೇಲಕ್ಕೆ ಐದು, ಕೆಳಕ್ಕೆ ಐದು ಎಂದು ಗುರುತಿಸಬಹುದು. ಎರಡು ಮೂರು ತಿಂಗಳ ಪುಟಗಳನ್ನು ತಿರುವಿದಾಗ, ಏರುವ ಮೊದಲು ತನಗೆ ಏನಾಗುವುದು, ಇಳಿಯುವ ಮೊದಲು ಏನಾಗುವುದು ಎಂಬುದು ರೋಗಿಗೇ ತಿಳಿಯುವುದು. ಒಬ್ಬನಿಗೆ ನಿದ್ರೆ ಒಂದು ಗಂಟೆ ಕಡಿಮೆಯಾಗುವುದೇ ಮುನ್ಸೂಚನೆ. ಮತ್ತೊಬ್ಬಳಿಗೆ ಮೊಬೈಲಿನಲ್ಲಿ ಇಪ್ಪತ್ತು ಜನರಿಗೆ ಸಂದೇಶ ಕಳುಹಿಸುವುದು ಮುನ್ಸೂಚನೆ. ಮುನ್ಸೂಚನೆ ಕಂಡ ದಿನವೇ ವೈದ್ಯರನ್ನು ಕಂಡರೆ ಆಸ್ಪತ್ರೆಗೆ ಸೇರುವುದು ತಪ್ಪಬಹುದು. ಔಷಧದೊಡನೆ, ಇಂಥ ವಿಷಯಗಳನ್ನು ಕಲಿಸುವ ಮನಶ್ಶಾಸ್ತ್ರಜ್ಞರ ಸಲಹೆಯೂ ದೊರೆತರೆ ಕಾಯಿಲೆಯು ಮರುಕಳಿಸುವುದು ಇನ್ನಷ್ಟು ಕಡಿಮೆಯಾಗುತ್ತದೆ.

ದೇವರ ವಿಷಯವನ್ನೂ ಹೇಳಬೇಕು. ಕಲಬುರಗಿ ಜಿಲ್ಲೆಯ ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಮನಸ್ಸು ಕೆಟ್ಟವರನ್ನು ಕರೆತರುವ ರೂಢಿಯು ಹಿಂದಿನಿಂದ ಬಂದಿದೆ. ಶ್ರದ್ಧೆಯುಳ್ಳವರು ಹೋಗಲಿ, ಅದರಿಂದ ಮನೆಯವರ ಮನಸ್ಸಿಗೆ ಬಲ ಬರುವುದು. ಗುಳಿಗೆಯ ಪೊಟ್ಟಣವನ್ನು ಮಾತ್ರ ಜತೆಗೆ ಒಯ್ಯಲಿ. ದೇವರಿಗೆ ನಡೆದುಕೊಳ್ಳುವುದಕ್ಕೂ ಔಷಧ ಸೇವಿಸುವುದಕ್ಕೂ ವಿರೋಧವಿಲ್ಲ.

ಮನೆಯವರು ಮತ್ತು ಗೆಳೆಯರು

ಉನ್ಮಾದದಲ್ಲಿರುವವನಿಗೆ ತಾನು ಅಸ್ವಸ್ಥನೆಂಬುದು ತಿಳಿಯದು. ಆಗ ಅವನೊಡನೆ ವಾದಿಸಿ ಗೆಲ್ಲಲಾಗದು. ದನಿ ಏರಿಸದೆ ಮಾತನಾಡಿ, ಗದ್ದಲವನ್ನು ಕಡಿಮೆ ಮಾಡಿ, ವೈದ್ಯರಲ್ಲಿಗೆ ಕರೆದೊಯ್ಯುವುದೇ ಸರಿ. ಹಣದ ಚೀಲವನ್ನೂ ವಾಹನದ ಕೀಲಿಯನ್ನೂ ಯಾರ ಕೈಗೆ ಕೊಡಬೇಕೆಂಬುದನ್ನು ನೆಮ್ಮದಿಯ ಕಾಲದಲ್ಲಿಯೇ ಅವನೊಡನೆ ಕುಳಿತು ನಿಶ್ಚಯಿಸಿಕೊಳ್ಳಬೇಕು. ಊರಿನಿಂದ ದೂರ ಬಂದು ನೆಲೆಸಿರುವ ನಮ್ಮಂಥ ಕುಟುಂಬಗಳಲ್ಲಿ ಅಜ್ಜಿಯೂ ಇಲ್ಲ, ಸೋದರಮಾವನೂ ಇಲ್ಲ. ಆದುದರಿಂದ ನೆರೆಯವರಲ್ಲಿ ಒಬ್ಬರಿಗಾದರೂ ಸಂಗತಿ ತಿಳಿದಿರುವುದು ಒಳ್ಳೆಯದು.

ವಿಷಾದದಲ್ಲಿರುವವನಿಗೆ “ಧೈರ್ಯ ತಂದುಕೋ, ಸೋಮಾರಿತನ ಬಿಡು” ಎಂಬ ಉಪದೇಶವು ಗಾಯದ ಮೇಲೆ ಉಪ್ಪು ಸವರಿದಂತೆ. ಪಕ್ಕದಲ್ಲಿ ಕುಳಿತುಕೊಳ್ಳುವುದು, ಎರಡು ತುತ್ತು ಉಣ್ಣಿಸುವುದು, ಸಂಜೆ ನಾಲ್ಕು ಹೆಜ್ಜೆ ಜತೆಗೆ ನಡೆಯುವುದು ಇದಕ್ಕಿಂತ ಮೇಲು.

ನಿಮ್ಮ ಗೆಳೆಯನಾಗಲಿ ಗೆಳತಿಯಾಗಲಿ “ಬದುಕುವುದೇ ಬೇಡವೆನಿಸುತ್ತದೆ” ಎಂದರೆ ಅದನ್ನು ಲಘುವಾಗಿ ಎಣಿಸಬೇಡಿರಿ. “ಯಾರಿಗೂ ಹೇಳಬೇಡ” ಎಂದು ಆಣೆ ಹಾಕಿಸಿಕೊಂಡರೂ ಹೇಳಿರಿ. ಮುರಿದರೂ ದೋಷವಿಲ್ಲದ ಆಣೆಯಿದು. ಅವರನ್ನು ಒಂಟಿಯಾಗಿ ಬಿಡದೆ, ಆ ಕ್ಷಣವೇ ಮನೆಯ ಹಿರಿಯರಿಗೋ ಉಪಾಧ್ಯಾಯರಿಗೋ ತಿಳಿಸಿರಿ. ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ 14416. ಇದಕ್ಕೆ ಹಣ ಕೊಡಬೇಕಿಲ್ಲ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ತುರ್ತು ಸಮಯದಲ್ಲಿ ಆಂಬುಲೆನ್ಸಿಗೆ 108.

ಬಳ್ಳಾರಿಯ ಪ್ರಯೋಗ

ಕಾಯಿಲೆಯು ದೀರ್ಘಕಾಲದ್ದಾದರೆ ಔಷಧವು ಹತ್ತಿರದಲ್ಲಿ ಸಿಗಬೇಕು. ತಿಂಗಳಿಗೊಮ್ಮೆ ಇನ್ನೂರು ಮೈಲಿ ಪ್ರಯಾಣ ಮಾಡಿ ಗುಳಿಗೆ ತರುವುದು ಬಡವನಿಗೆ ಎಷ್ಟು ವರ್ಷ ಸಾಧ್ಯ? 1956ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಚಿಕಿತ್ಸೆಗೆಂದು ಆ ಕಡೆಯಿಂದ ಈ ನಗರಕ್ಕೆ ರೈಲು ಹತ್ತಿ ಬರುವವರು ಇಂದಿಗೂ ಇದ್ದಾರೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಕೀರ್ತಿಯಲ್ಲಿ ಕನ್ನಡ ನಾಡಿಗೆ ಪಾಲುಂಟು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಅಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು ಮೊದಲು ಬೆಂಗಳೂರಿನ ಸಮೀಪದ ಸಕಲವಾರದಲ್ಲಿ, ಅನಂತರ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಔಷಧ ಕೊಡುವುದನ್ನು ಕಲಿಸಿದರು. ಜ್ವರಕ್ಕೆ ಗುಳಿಗೆ ಕೊಡುವ ಕಿಟಕಿಯಲ್ಲಿಯೇ ಮನಸ್ಸಿನ ಕಾಯಿಲೆಗೂ ಗುಳಿಗೆ ದೊರೆಯುವಂತಾಯಿತು. ಬಳ್ಳಾರಿಯ ಈ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು.

ಕಾನೂನೂ ಹಿಂದೆ ಬಿದ್ದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಸರಕಾರದ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಇದರಂತೆ ಪ್ರತಿಯೊಬ್ಬರ ಹಕ್ಕು. ಮುಂದೆ ತನಗೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಪ್ರಾಯಕ್ಕೆ ಬಂದ ವ್ಯಕ್ತಿಯು ಮೊದಲೇ ಬರೆದಿಡಲು ಈ ಕಾಯಿದೆಯಲ್ಲಿ ಅವಕಾಶವಿದೆ. ನೆಮ್ಮದಿಯ ಕಾಲದ ಬುದ್ಧಿಯು ಕಷ್ಟದ ಕಾಲಕ್ಕೆ ಬರೆದುಕೊಟ್ಟ ಪತ್ರವಿದು.

ಕಾಯಿಲೆಯೊಡನೆ ಬಾಳಿದವರು

ಕೊನೆಯದಾಗಿ ಒಬ್ಬ ವಿದುಷಿಯ ಬಾಳನ್ನು ಹೇಳಿ ಲೇಖನವನ್ನು ಮುಗಿಸುವೆವು. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಎಂಬವರಿಗೆ ಈ ಕಾಯಿಲೆಯು ಶಾಲೆಯಲ್ಲಿದ್ದಾಗಲೇ ತಲೆದೋರಿತು. ಅವರು ಓದಿ, ಇದೇ ಕಾಯಿಲೆಯ ವಿಷಯದಲ್ಲಿ ಪರಿಣತರಾಗಿ, ಪ್ರಾಧ್ಯಾಪಕರಾದರು. ಹೀಗಿದ್ದೂ ಲಿಥಿಯಂ ತಮಗೆ ಬೇಡವೆಂದು ವರ್ಷಗಳ ಕಾಲ ಹಿಡಿಯುತ್ತ ಬಿಡುತ್ತ ನಡೆದು, ಅದಕ್ಕಾಗಿ ಬಹಳ ನೊಂದರು. ಕಡೆಗೆ ಔಷಧವನ್ನು ಒಪ್ಪಿಕೊಂಡು ಸ್ಥಿರವಾದರು. ತಮ್ಮ ಸಹೋದ್ಯೋಗಿಗಳೊಡನೆ ಈ ಕಾಯಿಲೆಯ ಬಗ್ಗೆ 1990ರಲ್ಲಿ ದೊಡ್ಡ ಶಾಸ್ತ್ರಗ್ರಂಥವನ್ನು ರಚಿಸಿದರು. 1995ರಲ್ಲಿ ತಮಗೇ ಈ ಕಾಯಿಲೆಯಿದೆಯೆಂದು ಲೋಕಕ್ಕೆಲ್ಲ ತಿಳಿಯುವಂತೆ ಆತ್ಮಕಥೆಯನ್ನು ಪ್ರಕಟಿಸಿದರು. ಶಾಸ್ತ್ರವನ್ನು ಬಲ್ಲ ಪಂಡಿತರಿಗೇ ಗುಳಿಗೆಯನ್ನು ಒಪ್ಪುವುದು ಇಷ್ಟು ಕಷ್ಟವಾದರೆ, ಹದಿನೇಳರ ಹುಡುಗನಿಗೆ ಎಷ್ಟು ಕಷ್ಟವಾದೀತು! ಅವನನ್ನು ಬಯ್ಯುವ ಮೊದಲು ಇದನ್ನು ನೆನೆಯಬೇಕು.

ಸಕ್ಕರೆ ಕಾಯಿಲೆಯವರು ನಮ್ಮ ಮನೆಗಳಲ್ಲಿ ಊಟಕ್ಕೆ ಮೊದಲು ಎಲ್ಲರೆದುರಿಗೇ ಗುಳಿಗೆ ನುಂಗುತ್ತಾರೆ; ಮೊಮ್ಮಗನೇ ನೀರಿನ ಲೋಟವನ್ನು ತಂದುಕೊಡುತ್ತಾನೆ. ಮನಸ್ಸಿನ ಕಾಯಿಲೆಯವರೂ ಹಾಗೆಯೇ ಎಲ್ಲರೆದುರಿಗೆ ಗುಳಿಗೆ ನುಂಗುವಂತಾದರೆ, ಮೇಲೆ ಹೇಳಿದ 70ರ ಲೆಕ್ಕವು ತಾನಾಗಿ ಇಳಿಯುವುದು. ಅದಕ್ಕೆ ನೀವು ಮಾಡಬೇಕಾದ ಮೊದಲನೆಯ ಕೆಲಸಕ್ಕೆ ಒಂದು ಕಾಸೂ ಬೇಡ. ಇನ್ನು ಮುಂದೆ ಯಾರಾದರೂ ಎರ್ರಗಡ್ಡದ ಹೆಸರು ಹೇಳಿ ನಕ್ಕಾಗ, ನೀವು ನಗದಿರಿ. ಅದೊಂದು ಆಸ್ಪತ್ರೆಯಿರುವ ಊರು ಎಂದಷ್ಟೇ ಹೇಳಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಸಹಜವಾದ ದುಃಖಕ್ಕೂ ವಿಷಾದವೆಂಬ ಕಾಯಿಲೆಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.

2. ಬೇಸಗೆಯಲ್ಲಿ ಲಿಥಿಯಂ ಸೇವಿಸುವವರು ವಿಶೇಷ ಎಚ್ಚರಿಕೆಯಿಂದಿರಬೇಕು. ಏಕೆ? ಮೂತ್ರಪಿಂಡದ ಕಾರ್ಯವನ್ನು ನೆನಪಿಗೆ ತಂದುಕೊಂಡು ವಿವರಿಸಿರಿ.

3. ಜಾನ್ ಕೇಡನ ಮೊದಲ ರೋಗಿಯ ಕಥೆಯಿಂದ ತಿಳಿಯುವ ಎರಡು ಪಾಠಗಳಾವುವು?

4. ಬಳ್ಳಾರಿಯ ಪ್ರಯೋಗವು ದೀರ್ಘಕಾಲದ ಕಾಯಿಲೆಗಳಿಗೆ ಏಕೆ ಉಪಕಾರಿ? ನಿಮ್ಮ ಬಡಾವಣೆಗೆ ಅತಿ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರ ಯಾವುದೆಂದು ವಿಚಾರಿಸಿ ತಿಳಿದುಕೊಳ್ಳಿರಿ.

5. “ನೆಮ್ಮದಿಯ ಕಾಲದಲ್ಲಿ ಮಾಡುವ ಕಾವಲೇ ನಿಜವಾದ ಚಿಕಿತ್ಸೆ.” ಈ ಮಾತನ್ನು ಉಸ್ಮಾನ್ ಸಾಗರದ ದೃಷ್ಟಾಂತವಿಲ್ಲದೆ ನಿಮ್ಮದೇ ಬೇರೊಂದು ದೃಷ್ಟಾಂತದಿಂದ ವಿವರಿಸಿರಿ.